ಕೊನೆಗೌಡರ ಬಲಭುಜ

ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವವರನ್ನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಕೊನೆಗೌಡ ಅಂತಲೇ ಕರೆಯುವುದು, ಜಾತಿ ಯಾವುದೇ ಇರಲಿ. ಈ ಪ್ರಕರಣ ಅಂಥ ಒಬ್ಬರದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದರು, ಬಿಟ್ಟಿದ್ದೇನೆ. ಗೌಡ್ರು ಅಂದರೆ ಸಾಕು. ವಯಸ್ಸು 54. ಹದಿನೆಂಟಕ್ಕೆ ಮರ ಹತ್ತಲು ಶುರು ಮಾಡಿದವರು. ಏಳು ವರ್ಷದಿಂದ ಸಕ್ಕರೆ ಕಾಯಿಲೆ. ಕವಳದ (ಎಲೆ ಅಡಿಕೆ) ಜೊತೆ ಹೊಗೆಸೊಪ್ಪು ಇದ್ದೇ ಇದೆ. ನಾನು ಫಿಸಿಯೋಥೆರಪಿಸ್ಟ್. ಅವರು ಮೊದಲ ದಿನವೇ "ಡಾಕ್ಟ್ರಮ್ಮ" ಅಂದರು. ನಾನು ಡಾಕ್ಟರ್ ಅಲ್ಲ ಅಂತ ಮೂರು ಸಲ ಹೇಳಿ ಸುಮ್ಮನಾದೆ.

ಈ ಭುಜದ ನೋವು ಎರಡು ಸಲ ಕಡಿಮೆಯಾಯಿತು. ಎರಡು ಸಲವೂ ತೊಂದರೆ ಬಂದದ್ದು ಅದರಿಂದಲೇ. ಎರಡನೇ ಸಲದ್ದರಲ್ಲಿ ನನ್ನ ತಪ್ಪೂ ಇದೆ, ಮುಂದೆ ಹೇಳುತ್ತೇನೆ.

ಆದದ್ದು

ಜುಲೈ ಕೊನೆಯ ವಾರ. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯುವ ಹೊತ್ತು. ಮೊದಲ ಸಲದ್ದು ಮಳೆ ಹಿಡಿಯುವ ಮುಂಚೆ ಮುಗಿದಿರುತ್ತದೆ. ಅದಾಗಿ 40–45 ದಿನಕ್ಕೆ ಇನ್ನೊಂದು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಲೆಕ್ಕ ಸುಲಭ. ಕಷ್ಟ ಇರುವುದು ಹೊಳವು, ಅಂದರೆ ಮಳೆಯ ಬಿಡುವು, ಸಿಗುವುದರಲ್ಲಿ. ಎರಡು ಗಂಟೆ ಮಳೆ ನಿಂತರೆ ಅಷ್ಟರಲ್ಲೇ ಹೊಡೆದು ಮುಗಿಸಬೇಕು. ಮರ ಒಣಗುವವರೆಗೆ ಕಾಯುವವರು ಯಾರು?

ಕೊನೆಗೌಡರು ಪ್ರತಿ ಮರವನ್ನೂ ಹತ್ತಿ ಇಳಿಯುವುದಿಲ್ಲ. ಒಂದು ಮರದ ತಲೆಯಲ್ಲಿ ಇದ್ದುಕೊಂಡೇ ಪಕ್ಕದ ಮರವನ್ನು ಹತ್ತಿರಕ್ಕೆ ಜಗ್ಗಿ, ಅದಕ್ಕೆ ದಾಟುತ್ತಾರೆ. ಅಡಿಕೆ ಮರ ಬಾಗುತ್ತದೆ, ಬಿಟ್ಟರೆ ಬಿಲ್ಲಿನ ಹಾಗೆ ವಾಪಸ್ ಹೋಗುತ್ತದೆ. ಅವತ್ತು ಗೌಡ್ರು ಬಲಗೈ ಚಾಚಿ ಪಕ್ಕದ ಮರ ಹಿಡಿದಿದ್ದರು. ಪಾಚಿ ಕಟ್ಟಿದ ಮರದಲ್ಲಿ ಕಾಲು ಜಾರಿತು. ಜಗ್ಗಿದ ಮರ ತನ್ನ ಜಾಗಕ್ಕೆ ಹೊರಟಿತು. ಕೈ ಅದರ ಜೊತೆ ಹೋಯಿತು, ಮೈ ಇಲ್ಲೇ ಉಳಿಯಿತು. "ಕೋಳಿ ಕಾಲು ಮುರಿದ ಹಾಗೆ ಶಬ್ದ" ಅಂದರು. ಎಡಗೈಯಲ್ಲಿ ಮರ ತಬ್ಬಿ, ಎದೆ ತರಚಿಕೊಂಡು ಕೆಳಗೆ ಜಾರಿದರು. ಬೀಳಲಿಲ್ಲ. ಬಿದ್ದಿದ್ದರೆ ನಾನು ಭುಜದ ಬಗ್ಗೆ ಬರೆಯುತ್ತಿರಲಿಲ್ಲ.

ಜೀಪಿನಲ್ಲಿ ಆಸ್ಪತ್ರೆಗೆ ಹೋದರು. ಭುಜದ ಗುಂಡು ಮುಂದಕ್ಕೆ ಜಾರಿತ್ತು. ಭುಜ ಜಾರುವುದು ಹೆಚ್ಚಾಗಿ ಮುಂದಕ್ಕೇ. ಎಕ್ಸ್‌ರೇ ತೆಗೆದು, ಮಂಪರು ಬರಿಸಿ, ಎಳೆದು ಕೂರಿಸಿದರು. ಇನ್ನೊಂದು ಎಕ್ಸ್‌ರೇ ತೆಗೆದು ಮೂಳೆ ಮುರಿದಿಲ್ಲ ಅಂತ ಖಾತ್ರಿ ಮಾಡಿದರು. ಕೊರಳಿಗೆ ಕೈಚೀಲ (ಕೈಯನ್ನು ತೂಗುಹಾಕುವ ಪಟ್ಟಿ) ಕಟ್ಟಿ, ಮೂರು ವಾರ ಬಿಟ್ಟು ಬನ್ನಿ ಅಂದರು. ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಮೂರು ವಾರ ಬಿಟ್ಟು ಗೌಡ್ರು ಹೋಗಲಿಲ್ಲ. ನೋವು ಇರಲಿಲ್ಲವಲ್ಲ! ಅಷ್ಟರಲ್ಲಿ ಎಣ್ಣೆ ತಿಕ್ಕುವವರೊಬ್ಬರ ಹತ್ತಿರ ಆರು ಸಲ ತಿಕ್ಕಿಸಿಕೊಂಡಿದ್ದರು. ನಾಟಿ ಎಣ್ಣೆಯನ್ನು ನಾನು ಬೈಯುವುದಿಲ್ಲ. ಬಿಸಿ ಎಣ್ಣೆ, ಬಿಸಿ ಕೈ, ಯಾರಿಗಾದರೂ ಹಿತವೇ. ಎಣ್ಣೆಯಿಂದ ಕೆಟ್ಟದ್ದೇನೂ ಆಗಲಿಲ್ಲ. ಹೋದದ್ದು ವಾರಗಳು.

ಕೈ ಯಾಕೆ ಏಳುವುದಿಲ್ಲ

ಚೌತಿ ಕಳೆದು, ಪೆಟ್ಟು ಬಿದ್ದು ಐದು ವಾರಕ್ಕೆ ನನ್ನ ಹತ್ತಿರ ಬಂದರು. ಜೊತೆಗೆ ಹೆಂಡತಿ. "ಭುಜ ಹಿಡ್ಕೊಂಡಿದೆ ಡಾಕ್ಟ್ರಮ್ಮ, ಕರೆಂಟು ಕೊಟ್ಟು ಬಿಡಿಸಿ." ಸಕ್ಕರೆ ಕಾಯಿಲೆಯವರಲ್ಲಿ ಭುಜ ಹಿಡಿದುಕೊಳ್ಳುವುದು ತುಂಬ ಜಾಸ್ತಿ. ಅವರ ಅಂದಾಜು ದಡ್ಡ ಅಂದಾಜೇನಲ್ಲ.

ಆದರೆ ಇದಕ್ಕೊಂದು ಸರಳ ಪರೀಕ್ಷೆ ಇದೆ. ನಿಜವಾಗಿ ಹಿಡಿದುಕೊಂಡ ಭುಜವನ್ನು ರೋಗಿಯೂ ಎತ್ತಲಾರ, ಬೇರೆಯವರೂ ಎತ್ತಲಾರರು. ಬಾಗಿಲೇ ತುಕ್ಕು ಹಿಡಿದಿರುತ್ತದೆ. ಗೌಡ್ರನ್ನು ಮಲಗಿಸಿ, ಕೈ ಸಡಿಲ ಬಿಡಿ ಅಂದು ನಾನೇ ಎತ್ತಿದೆ. ಕಿವಿಯ ಹತ್ತಿರದವರೆಗೆ ಬಂತು, ಕೊನೆಯಲ್ಲಿ ಸ್ವಲ್ಪ ಬಿಗಿ ಅಷ್ಟೇ. ಕೂರಿಸಿ, ಈಗ ನೀವೇ ಎತ್ತಿ ಅಂದೆ. ಕೈ ಸೊಂಟದಿಂದ ಒಂದು ಗೇಣು ಮೇಲೆ ಬಂತು. ಮುಂದಕ್ಕೆ ಭುಜವನ್ನೇ ಕಿವಿಗೆ ಏರಿಸಿದರು. ನಾನು ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿದು, ನಿಧಾನ ಇಳಿಸಿ ಅಂತ ಬಿಟ್ಟೆ. ಕೈ ದೊಪ್ಪನೆ ಬಿತ್ತು. ಹೆಂಡತಿ "ಅಯ್ಯೋ" ಅಂದರು. ಬಾಗಿಲು ಚೆನ್ನಾಗಿದೆ, ತೆಗೆಯುವ ಹಗ್ಗ ಹರಿದಿದೆ.

ಇನ್ನೊಂದು ಅನುಮಾನವೂ ಇತ್ತು. ಭುಜ ಜಾರುವಾಗ ಅದರ ಕೆಳಗೆ ಸುತ್ತಿಕೊಂಡು ಹೋಗುವ ನರ ಜಗ್ಗಿಹೋಗಬಹುದು. ಆಗಲೂ ಕೈ ಏಳುವುದಿಲ್ಲ. ತೋಳಿನ ಮೇಲ್ಭಾಗದ ಹೊರಗಡೆ, ಪೊಲೀಸರು ಪಟ್ಟಿ ಹಾಕುವ ಜಾಗದಲ್ಲಿ ಮರಗಟ್ಟುತ್ತದೆ. ಗೌಡ್ರಿಗೆ ಮೊದಲ ವಾರ ಅಲ್ಲಿ ಜೋಮು ಇತ್ತಂತೆ, ಈಗ ಹೋಗಿತ್ತು. ಕೈ ಎತ್ತಲು ಹೋದಾಗ ಭುಜದ ಮೇಲಿನ ದಪ್ಪ ಸ್ನಾಯು ಬಿಗಿಯಾಗುವುದು ಮುಟ್ಟಿದರೆ ಗೊತ್ತಾಗುತ್ತಿತ್ತು. ನರ ಚೇತರಿಸಿಕೊಂಡಿತ್ತು. ಉಳಿದದ್ದು ನಾರು, ಅಂದರೆ ಸ್ನಾಯುವನ್ನು ಮೂಳೆಗೆ ಅಂಟಿಸುವ ಪಟ್ಟಿ.

ಸೊಂಟದ ಕೀಲು ಒರಳಿನಲ್ಲಿ ಕೂತ ಗುಂಡಿನ ಹಾಗೆ. ಭುಜದ್ದು ಹಾಗಲ್ಲ. ಸಣ್ಣ ತಟ್ಟೆಗೆ ಒರಗಿಸಿ ಇಟ್ಟ ನಿಂಬೆಹಣ್ಣು ಅದು. ಅದಕ್ಕೇ ಕೈ ಎಲ್ಲ ಕಡೆ ತಿರುಗುತ್ತದೆ, ಅದಕ್ಕೇ ಜಾರುತ್ತದೆ. ಆ ನಿಂಬೆಹಣ್ಣನ್ನು ತಟ್ಟೆಗೆ ಒತ್ತಿ ಹಿಡಿಯುವುದು ಸುತ್ತಲಿನ ನಾಲ್ಕು ಸ್ನಾಯುಗಳ ಪಟ್ಟಿ. ಇಂಗ್ಲಿಷಿನಲ್ಲಿ ರೊಟೇಟರ್ ಕಫ್ ಅನ್ನುತ್ತಾರೆ. ಈ ಸ್ನಾಯುಗಳು ನಾರಿನ ಮೂಲಕ ಮೂಳೆಗೆ ಅಂಟಿರುತ್ತವೆ. ಇಪ್ಪತ್ತರ ಹುಡುಗನ ಭುಜ ಜಾರಿದರೆ ಮತ್ತೆ ಮತ್ತೆ ಜಾರುವ ಭಯ. ನಲವತ್ತು ದಾಟಿದವರಲ್ಲಿ ಆ ಭಯ ಕಡಿಮೆ, ಅದರ ಬದಲು ಈ ನಾರು ಹರಿಯುವ ಸಂಭವ ಜಾಸ್ತಿ. ನಲವತ್ತು ದಾಟಿದವರ ಭುಜ ಜಾರಿ, ಕೂರಿಸಿದ ಮೇಲೂ ಎರಡು ಮೂರು ವಾರಕ್ಕೆ ಕೈ ಏಳದಿದ್ದರೆ ನಾರನ್ನು ಪರೀಕ್ಷಿಸಲೇಬೇಕು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನಾರು ಕಾಣುವುದಿಲ್ಲ.

ಶಿವಮೊಗ್ಗದಲ್ಲಿ ಎಂಆರ್‌ಐ ಆಯಿತು. ಮೇಲಿನ ಸ್ನಾಯು ಸುಪ್ರಾಸ್ಪೈನೇಟಸ್‌ನ ನಾರು ಪೂರ್ತಿ ಹರಿದು ಸುಮಾರು ಎರಡು ಸೆಂಟಿಮೀಟರ್ ಒಳಕ್ಕೆ ಸರಿದಿತ್ತು. ಅದರ ಹಿಂದಿನ ಸ್ನಾಯುವಿನ ನಾರಿನ ಅಂಚೂ ಸ್ವಲ್ಪ ಹೋಗಿತ್ತು. ಒಳ್ಳೆಯ ಸುದ್ದಿ ಒಂದೇ, ಸ್ನಾಯುವಿನಲ್ಲಿ ಇನ್ನೂ ಕೊಬ್ಬು ತುಂಬಿರಲಿಲ್ಲ. ಮೂಳೆಯಿಂದ ಬಿಟ್ಟ ಸ್ನಾಯು ಕೆಲಸವಿಲ್ಲದೆ ಒಣಗುತ್ತಾ ಹೋಗುತ್ತದೆ, ಆ ಜಾಗಕ್ಕೆ ಕೊಬ್ಬು ಬರುತ್ತದೆ. ಒಮ್ಮೆ ಹಾಗಾದರೆ ನಾರು ಹೊಲಿದರೂ ಸ್ನಾಯು ಮೊದಲಿನ ಹಾಗಾಗುವುದಿಲ್ಲ. ಎಣ್ಣೆಗೆ ಹೋದ ವಾರಗಳ ಬಗ್ಗೆ ನನಗೆ ಬೇಜಾರು ಇದ್ದದ್ದು ಇದಕ್ಕೇ.

ಆಪರೇಷನ್ ಬೇಕೇ ಬೇಕಾ?

ಈ ಪ್ರಶ್ನೆ ಕೇಳಿದ್ದು ಗೌಡ್ರಲ್ಲ, ಅವರ ಹೆಂಡತಿ. ಒಳ್ಳೆಯ ಪ್ರಶ್ನೆ. ಎಲ್ಲ ಹರಿದ ನಾರನ್ನೂ ಹೊಲಿಯಬೇಕಿಲ್ಲ. ಅರವತ್ತು ದಾಟಿದ ಎಷ್ಟೋ ಜನರ ಭುಜದಲ್ಲಿ ಸವೆದು ಹರಿದ ನಾರು ಇರುತ್ತದೆ, ಅವರಿಗೆ ಗೊತ್ತೇ ಇರುವುದಿಲ್ಲ. ಹಾಗೆ ನಿಧಾನಕ್ಕೆ ಸವೆದದ್ದಾದರೆ ಮೂರು ತಿಂಗಳು ವ್ಯಾಯಾಮ ಮಾಡಿ ನೋಡುವುದೇ ಮೊದಲ ಮದ್ದು. ಉಳಿದ ಸ್ನಾಯುಗಳು ಬಲವಾಗಿ ಕೆಲಸ ಹಂಚಿಕೊಳ್ಳುತ್ತವೆ. ನನ್ನ ಹತ್ತಿರ ಬರುವ ಇಂಥ ಹೆಚ್ಚಿನವರನ್ನು ನಾನು ಆಪರೇಷನ್‌ಗೆ ಕಳಿಸುವುದಿಲ್ಲ.

ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಕೇಳಿದರು. ಪಕ್ಕದ ಮನೆಯವರಿಗೆ ಒಂದೇ ಸೂಜಿಗೆ ವಾಸಿಯಾಗಿತ್ತಂತೆ. ಸೂಜಿ ಊತ ಇಳಿಸುತ್ತದೆ, ನೋವು ಇಳಿಸುತ್ತದೆ, ಹರಿದದ್ದನ್ನು ಹೊಲಿಯುವುದಿಲ್ಲ. ಪದೇ ಪದೇ ಕೊಟ್ಟರೆ ನಾರು ಇನ್ನೂ ಮೆತ್ತಗಾಗುತ್ತದೆ. ಕೆಲವು ದಿನ ಸಕ್ಕರೆಯೂ ಏರುತ್ತದೆ. ಹೊಲಿಗೆಯ ಯೋಚನೆ ಇದ್ದಾಗ ಅದಕ್ಕೆ ಮುಂಚೆ ಕೊಡುವುದು ಒಳ್ಳೆಯದಲ್ಲ. ಗೌಡ್ರಿಗೆ ಹೇಗೂ ನೋವೇ ಇರಲಿಲ್ಲ, ಇಳಿಸುವುದು ಏನನ್ನು?

ಇವರ ನಾರು ಸವೆದು ಹೋದದ್ದಲ್ಲ, ಒಂದೇ ಏಟಿಗೆ ಹರಿದದ್ದು. ಬಲಗೈ. ಕೂಲಿ ಆ ಕೈಯಲ್ಲೇ ಇದೆ. ಸ್ನಾಯು ಇನ್ನೂ ಚೆನ್ನಾಗಿದೆ. ಹೀಗಿದ್ದಾಗ ಕೆಲವೇ ತಿಂಗಳೊಳಗೆ ಹೊಲಿದರೆ ಫಲ ಜಾಸ್ತಿ, ತಡ ಮಾಡಿದಷ್ಟೂ ನಾರು ದೂರ ಸರಿಯುತ್ತದೆ. ತೀರಾ ಹಳೆಯದಾಗಿ ಹೊಲಿಯಲು ಬರದೆ ಕೀಲೂ ಸವೆದರೆ, ಗುಂಡು ಇರುವ ಕಡೆ ತಟ್ಟೆ, ತಟ್ಟೆ ಇರುವ ಕಡೆ ಗುಂಡು ಇಡುವ ತಿರುಗುಮುರುಗು ಕೀಲು ಬದಲಾವಣೆ ಇದೆ. 1985ರಲ್ಲಿ ಫ್ರಾನ್ಸಿನ ಪಾಲ್ ಗ್ರಾಮಾಂಟ್ ಅನ್ನುವ ಸರ್ಜನ್ ತಂದ ವಿನ್ಯಾಸ. ವಯಸ್ಸಾದವರಿಗೆ ದೊಡ್ಡ ಉಪಕಾರ. ಆದರೆ ಮರ ಹತ್ತುವವರಿಗೆ ಹೇಳಿದ್ದಲ್ಲ.

ಮೂಳೆ ಡಾಕ್ಟರೂ ಇದನ್ನೇ ಹೇಳಿದರು, ಎರಡು ಷರತ್ತಿನ ಜೊತೆ. ಸಕ್ಕರೆ ಇಳಿಯಬೇಕು, ಹೊಗೆಸೊಪ್ಪು ನಿಲ್ಲಬೇಕು. ಖಾಲಿ ಹೊಟ್ಟೆಯ ಸಕ್ಕರೆ 190ರ ಮೇಲಿತ್ತು. ಹಾಗಿದ್ದರೆ ಗಾಯ ಕೀವಾಗುವ ಭಯ, ನಾರು ಅಂಟದಿರುವ ಭಯ. ಹತ್ತು ದಿನ ಇನ್ಸುಲಿನ್ ಕೊಟ್ಟು ಇಳಿಸಿದರು. ಹೊಗೆಸೊಪ್ಪು ಬಿಡಿಸಿದ್ದು ಹೆಂಡತಿ. ಹೇಗೆ ಅಂತ ಕೇಳಲಿಲ್ಲ.

ದುಡ್ಡಿನ ಮಾತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಆದರೆ ತುರ್ತು ಅಲ್ಲದ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರ ಚೀಟಿ ಹಿಡಿದು ಬೇರೆ ಕಡೆ. ಗೌಡ್ರ ಮಗ ಕಾರ್ಡು, ಚೀಟಿ ಅಂತ ಎರಡು ದಿನ ಶಿವಮೊಗ್ಗ ಓಡಾಡಿದ.

ಸೆಪ್ಟೆಂಬರ್ ಮೂರನೇ ವಾರ ಆಪರೇಷನ್ ಆಯಿತು. ದೂರ್ಬೀನಿನದು, ಅಂದರೆ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ಮಾಡುವುದು, ಸಣ್ಣ ತೂತುಗಳು. ಮೂಳೆಗೆ ದಾರ ಇರುವ ಸಣ್ಣ ಮೊಳೆ ಹೊಡೆದು, ನಾರನ್ನು ಎಳೆದು ಕಟ್ಟುತ್ತಾರೆ. ಕುತ್ತಿಗೆ ಹತ್ತಿರ ಕೊಡುವ ಇಂಜೆಕ್ಷನ್‌ನಿಂದ ಮೊದಲ ಅರ್ಧ ದಿನ ಕೈ ಇರುವುದೇ ಗೊತ್ತಾಗುವುದಿಲ್ಲ. ಅದು ಇಳಿದ ರಾತ್ರಿ ಮಾತ್ರ ಜೋರು. ಮುಂಚೆಯೇ ಹೇಳಿಟ್ಟಿದ್ದೆ, ಆದರೂ ಫೋನ್ ಬಂತು.

ಆರು ವಾರ, ಒಂದು ಈಸಿಚೇರು

ಹೊಲಿದ ಮೇಲೆ ಆರು ವಾರ ಕೈಚೀಲ. ತೋಳು ಮತ್ತು ಪಕ್ಕೆಯ ನಡುವೆ ಒಂದು ದಿಂಬು. ಮೊದಲ ದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈ ಆಡಿಸುವುದು. ಭುಜವನ್ನು ಗೌಡ್ರು ಆಡಿಸುವ ಹಾಗಿಲ್ಲ, ನಾನು ಆಡಿಸಬೇಕು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ರಸ್ತೆಯ ಗುಂಡಿಗೆ ಕೈ ಅಲ್ಲಾಡದ ಹಾಗೆ ಡ್ರೈವರ್ ಹಿಂದಿನ ಸೀಟು ಹಿಡಿಯಬೇಕು ಅಂತ ನಾನು ಬರೆದುಕೊಟ್ಟ ಚೀಟಿಯಲ್ಲೇ ಸೇರಿಸಿದ್ದೆ.

ದೊಡ್ಡ ತೊಂದರೆ ನಿದ್ದೆ. ಮಲಗಿದರೆ ಭುಜ ಹಿಂದಕ್ಕೆ ಬೀಳುತ್ತದೆ, ಜಗ್ಗುತ್ತದೆ. ಜಗಲಿಯ ಈಸಿಚೇರನ್ನು ಒಳಗೆ ತಂದು, ಮೊಣಕೈ ಕೆಳಗೆ ದಿಂಬು ಕೊಟ್ಟು, ಅರ್ಧ ಕೂತು ಅರ್ಧ ಮಲಗಿ ಆರು ವಾರ ಕಳೆದರು. ಸ್ನಾನ ಇನ್ನೊಂದು ಗೋಳು. ಸ್ವಲ್ಪ ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದ ಹಾಗೆ ಇಳಿಬಿಟ್ಟರೆ ಕಂಕುಳು ತೊಳೆಯಬಹುದು. ಇದನ್ನು ಹೆಂಡತಿಗೆ ತೋರಿಸಿಕೊಟ್ಟದ್ದು ನನ್ನ ಎಲ್ಲ ವ್ಯಾಯಾಮಕ್ಕಿಂತ ಉಪಯೋಗಕ್ಕೆ ಬಂತು ಅಂತ ಅವರೇ ಹೇಳಿದರು.

ಆರು ವಾರ ಕಳೆದ ಮೇಲೆ ಕೊಟ್ಟಿಗೆಯ ಜಂತಿಗೆ ಬಾವಿಯ ಹಳೇ ರಾಟೆ ಕಟ್ಟಿಸಿದೆ. ಹಗ್ಗದ ಎರಡು ತುದಿ ಎರಡು ಕೈಯಲ್ಲಿ, ಎಡಗೈ ಎಳೆದರೆ ಬಲಗೈ ಏಳುತ್ತದೆ. ಆಮೇಲೆ ಬೆರಳಿನಲ್ಲಿ ಗೋಡೆ ಹತ್ತುವ ವ್ಯಾಯಾಮ. ಗೌಡ್ರ ಮನೆಯದು ಮಣ್ಣಿನ ಗೋಡೆ, ಉಜ್ಜಿದರೆ ಉದುರುತ್ತದೆ. ಅಂಗಳದ ಅಂಚಿನಲ್ಲಿ ಅಡಿಕೆ ಮರ ಇತ್ತು. ಮರದ ಗಂಟುಗಳೇ ಮೆಟ್ಟಿಲು. ಬೆರಳು ಒಂದೊಂದೇ ಗಂಟು ಹತ್ತಬೇಕು, ಮುಟ್ಟಿದ ಕಡೆ ಸುಣ್ಣದ ಗೆರೆ ಎಳೆಯಬೇಕು. ನನ್ನ ಹತ್ತಿರ ಕೋನ ಅಳೆಯುವ ಸಾಧನ ಇದೆ. ಅವರು ಅದನ್ನು ನಂಬಲಿಲ್ಲ, ಸುಣ್ಣದ ಗೆರೆ ನಂಬಿದರು.

ದೋಟಿ

ಒಂಬತ್ತನೇ ವಾರ. ನವೆಂಬರ್ ಕೊನೆ, ಕೊಯ್ಲು ಜೋರು. ಕೈ ಭುಜದ ಮಟ್ಟ ದಾಟಿತ್ತು, ನೋವು ಇಲ್ಲವೇ ಇಲ್ಲ ಅನ್ನುವಷ್ಟು. ತೋಟದವರ ಫೋನು ದಿನಕ್ಕೆ ಎರಡು. ಗೌಡ್ರು ಮರ ಹತ್ತಲಿಲ್ಲ. ಹತ್ತಬಾರದು ಅಂತ ಅವರಿಗೆ ಗೊತ್ತಿತ್ತು. ಹೊಸ ಕಾರ್ಬನ್ ಫೈಬರ್ ದೋಟಿ (ನೆಲದಿಂದಲೇ ಕೊನೆ ಎಳೆಯುವ ಉದ್ದ ಕೋಲು) ಹಿಡಿಯಲು ಬಾರದ ಹುಡುಗನಿಗೆ "ಹೀಗೆ" ಅಂತ ತೋರಿಸಲು ನೆಲದ ಮೇಲೆ ನಿಂತು ನಾಲ್ಕು ಕೊನೆ ಎಳೆದರು. ನಾಲ್ಕನೆಯದಕ್ಕೆ ಭುಜದೊಳಗೆ ಟಕ್ ಅಂತು.

ಮರುದಿನ ಮುಖ ಕೆಳಗೆ ಹಾಕಿ ಬಂದರು. ನಾನು ಬೈದೆ. ಭಾರ ಎತ್ತಬೇಡಿ ಅಂದಿದ್ದೆ ಅಲ್ವಾ ಅಂದೆ.

"ದೋಟಿ ಹಗುರ ಅಲ್ವಾ ಡಾಕ್ಟ್ರಮ್ಮ, ನಮ್ಮ ಮೊಮ್ಮಗಳೂ ಎತ್ತುತ್ತಾಳೆ."

ನನಗೆ ಉತ್ತರ ಹೊಳೆಯಲಿಲ್ಲ. ಅವರು ನನ್ನ ಮಾತು ಮೀರಿರಲಿಲ್ಲ. ನಾನು ಭಾರ ಅಂದೆ, ಅವರು ಕೆಜಿ ಅಂತ ತಿಳಿದರು. ಮೂಟೆ ಮುಟ್ಟಲಿಲ್ಲ, ಕೊಡಪಾನ ಎತ್ತಲಿಲ್ಲ, ಮೊಮ್ಮಗಳನ್ನೂ ಎತ್ತಿಕೊಳ್ಳಲಿಲ್ಲ. ಭುಜಕ್ಕೆ ಲೆಕ್ಕ ಇರುವುದು ಕೆಜಿಯದ್ದು ಮಾತ್ರ ಅಲ್ಲ, ದೂರದ್ದು ಕೂಡ. 60 ಕೆಜಿ ತೂಕದ ಮನುಷ್ಯನ ಒಂದು ಕೈಯೇ ಸುಮಾರು 3 ಕೆಜಿ. ಬರಿಗೈ ಚಾಚಿದರೂ ಆ ನಾರು ಅಷ್ಟನ್ನು ಹೊರುತ್ತದೆ. ಅದಕ್ಕೆ ಐವತ್ತು ಅರವತ್ತು ಅಡಿಯ ಕೋಲು ಸೇರಿಸಿ, ತಲೆಯ ಮೇಲೆ ಕೈ ಎತ್ತಿ, ತುದಿ ವಾಲದ ಹಾಗೆ ಹಿಡಿದು, ಕೊಕ್ಕೆ ಹಾಕಿ ಜಗ್ಗಿದರೆ? ಕೊನೆ ಕಳಚುವ ಕ್ಷಣದ ಏಟು ಪೂರ್ತಿ ಭುಜಕ್ಕೆ. ಮರ ಹತ್ತುವ ಅಪಾಯ ತಪ್ಪಿಸುವ ದೋಟಿ ಒಳ್ಳೆಯ ಸಾಧನ, ಅನುಮಾನ ಇಲ್ಲ. ಆದರೆ ಮೊದಲು ಕಾಲು, ಎದೆ, ಕೈ ಹಂಚಿಕೊಳ್ಳುತ್ತಿದ್ದ ಕೆಲಸವನ್ನು ಅದು ಭುಜ, ಕುತ್ತಿಗೆಯ ಮೇಲೆ ಹಾಕುತ್ತದೆ. ಕೊಯ್ಲಿನ ತಿಂಗಳಲ್ಲಿ ಕುತ್ತಿಗೆ ನೋವು ಅಂತ ಬರುವ ಹುಡುಗರನ್ನು ಕೇಳಿ ನೋಡಿ.

ಇನ್ನೊಂದನ್ನೂ ನಾನು ಬಿಡಿಸಿ ಹೇಳಿರಲಿಲ್ಲ. ಹೊಲಿದ ನಾರು ಮೂಳೆಗೆ ಅಂಟಿ ಭಾರ ತಾಳುವ ಹಾಗಾಗಲು ಹನ್ನೆರಡು ವಾರವಾದರೂ ಬೇಕು. ನೋವು ಅದಕ್ಕೆ ಎಷ್ಟೋ ಮುಂಚೆಯೇ ಹೋಗುತ್ತದೆ. ನೋವು ಹೋದ ಮೇಲೆ, ನಾರು ಅಂಟುವ ಮೊದಲು ಇರುವ ಆ ಆರೇಳು ವಾರದಲ್ಲಿ ಕೈಯನ್ನು ಹಿಡಿದಿಟ್ಟಿರುವುದು ಬರೀ ದಾರ. ಹೊಲಿಗೆ ಮತ್ತೆ ಬಿಟ್ಟುಕೊಳ್ಳುವುದು ಬಹಳಮಟ್ಟಿಗೆ ಮೊದಲ ಕೆಲವು ತಿಂಗಳಲ್ಲೇ. ಕೈಚೀಲ ಇದ್ದಾಗ ಊರೆಲ್ಲ "ಪಾಪ" ಅನ್ನುತ್ತದೆ. ತೆಗೆದ ಮರುದಿನ "ಈಗ ಆರಾಮಲ್ವಾ, ಬನ್ನಿ" ಅನ್ನುತ್ತದೆ. ಮನುಷ್ಯ ಎಷ್ಟು ಅಂತ ತಡೆದುಕೊಂಡಾನು?

ಅಲ್ಟ್ರಾಸೌಂಡ್ ಮಾಡಿಸಿದೆವು. ಮುಖ್ಯ ಹೊಲಿಗೆ ಗಟ್ಟಿ ಇತ್ತು. ಹಿಂದಿನ ಅಂಚಿನಲ್ಲಿ ಸ್ವಲ್ಪ ಬಿಟ್ಟುಕೊಂಡಿತ್ತು. ಡಾಕ್ಟರು ಮತ್ತೆ ಆಪರೇಷನ್ ಬೇಡ ಅಂದರು. ಮೂರು ವಾರ ಮತ್ತೆ ಕೈಚೀಲ, ಮತ್ತೆ ರಾಟೆಯಿಂದ ಶುರು. ಸುಣ್ಣದ ಗೆರೆಗಳಲ್ಲಿ ಮೂರು ಗಂಟು ಕೆಳಗೆ ಬಂದರು.

ಈಗ ನಾನು ಮರ ಹತ್ತುವವರಿಗೆ ಭಾರ ಎತ್ತಬೇಡಿ ಅಂತ ಹೇಳುವುದಿಲ್ಲ. ಮೊದಲ ಮೂರು ತಿಂಗಳು ಮೊಣಕೈ ಪಕ್ಕೆ ಬಿಟ್ಟು ದೂರ ಹೋಗುವ ಯಾವ ಕೆಲಸಕ್ಕೂ ಸಾಮಾನು ಹಿಡಿಯಬೇಡಿ ಅನ್ನುತ್ತೇನೆ. ಆಮೇಲೆ ಹೆಸರು ಹಿಡಿದು ಕೇಳುತ್ತೇನೆ. ದೋಟಿ? ಇಲ್ಲ. ಔಷಧಿ ಪೈಪು? ಇಲ್ಲ. ಸೊಪ್ಪು ಕಡಿಯುವ ಕತ್ತಿ? ಇಲ್ಲ. ಬೈಕು? ಇಲ್ಲ. ಅಡಿಕೆ ಸುಲಿಯುವುದು? ಮೊಣಕೈ ಪಕ್ಕೆಗೆ ಅಂಟಿಸಿ ಕೂತರೆ ಆಗಬಹುದು, ಡಾಕ್ಟರನ್ನು ಕೇಳಿ.

ಆಮೇಲೆ

ಬಲ ತುಂಬುವ ವ್ಯಾಯಾಮ ಶುರುವಾದದ್ದು ಜನವರಿಯಲ್ಲಿ. ಸೈಕಲ್ ಟ್ಯೂಬ್ ಸೀಳಿ ಕಿಟಕಿಯ ಸರಳಿಗೆ ಕಟ್ಟಿ, ಕಂಕುಳಲ್ಲಿ ಟವೆಲ್ ಸುತ್ತಿ ಇಟ್ಟು, ಕೈಯನ್ನು ಹೊರಕ್ಕೆ ಎಳೆಯುವುದು. ನೋಡಲು ಏನೂ ಅಲ್ಲ ಅನಿಸುತ್ತದೆ, ಹದಿನೈದು ಸಲಕ್ಕೆ ಬೆವರುತ್ತಾರೆ. ಬೆನ್ನ ಹಿಂದಿನ ಹಲಗೆ ಮೂಳೆಯನ್ನು ಹಿಂದಕ್ಕೆ ಸೇರಿಸುವುದನ್ನು ಕಲಿಯಲು ಎರಡು ವಾರ ಹಿಡಿಯಿತು. ಆಮೇಲೆ ನೀರಿನ ಬಾಟಲಿ, ಅರ್ಧ ಲೀಟರಿನದು, ನಂತರ ಒಂದು ಲೀಟರಿನದು.

ಆಪರೇಷನ್ ಆಗಿ ಒಂಬತ್ತು ತಿಂಗಳಿಗೆ, ಜೂನಿನಲ್ಲಿ, ಕೊನೆಯ ಸಲ ಪೂರ್ತಿ ಪರೀಕ್ಷೆ ಮಾಡಿದೆ. ಕೈ ತಾನಾಗಿ ತಲೆಯ ಮೇಲೆ ಹೋಗುತ್ತದೆ. ಅಂಗಿ ಹಾಕುವುದು, ತಲೆ ಬಾಚುವುದು, ರಾತ್ರಿ ಮಲಗುವುದು ಎಲ್ಲ ಸಲೀಸು. ಹೊರಕ್ಕೆ ತಿರುಗಿಸುವ ಬಲ ಎಡಗೈಗಿಂತ ಕಡಿಮೆ. ಅದು ಬಿಟ್ಟುಕೊಂಡ ಅಂಚಿನ ಪಾಲು, ಅದು ವಾಪಸ್ ಬರುತ್ತದೆ ಅಂತ ನಾನು ಹೇಳಲಿಲ್ಲ. ಮರ ಹತ್ತುವುದು ಬೇಡ ಅಂತ ಡಾಕ್ಟರೂ ನಾನೂ ಒಂದೇ ಮಾತು ಹೇಳಿದೆವು. ಅವರು ವಾದ ಮಾಡಲಿಲ್ಲ. ಈಗ ಕೆಳಗೆ ನಿಂತು ಹಗ್ಗ ಹಿಡಿಯುತ್ತಾರೆ, ಔಷಧಿ ಕಲಸುತ್ತಾರೆ, ಹುಡುಗರಿಗೆ ದಾಟುವ ಮರ ತೋರಿಸುತ್ತಾರೆ. ಕೆಳಗಿನ ಕೆಲಸದ ಕೂಲಿ ಮೇಲಿನದರಷ್ಟು ಇಲ್ಲ. ಈ ನಷ್ಟ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದಿಟ್ಟೆ.

ಮಳೆಗೆ ಸುಣ್ಣದ ಗೆರೆ ತೊಳೆದುಹೋಗುತ್ತದೆ ಅಂತ ಅವರು ಕತ್ತಿಯ ಮೊನೆಯಲ್ಲಿ ಆ ಮರಕ್ಕೆ ಎರಡು ಗೀರು ಹಾಕಿದ್ದಾರೆ. ಒಂದು ಎಡಗೈಯದು, ಇನ್ನೊಂದು ಬಲಗೈಯದು. ಹೋದ ತಿಂಗಳು ಆ ಕಡೆ ಹೋದಾಗ ತೋರಿಸಿದರು. ಬಲಗೈಯದು ಒಂದು ಗಂಟು ಕೆಳಗಿದೆ.